ಹೆಣ್ಣುಮಕ್ಕಳ ಕೈಗೂ ರಗ್ಬಿ ಚೆಂಡು

ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಊರಿನ ಹದಿಹರೆಯದ ಹುಡುಗಿಗೆ ರಗ್ಬಿ ಕ್ಲಬ್ಬು ತರವೇ ಎಂದರೆ, ‘ಅದು ಗಂಡಸರ ಒರಟಾಟ’ ಎನ್ನುವಿರಿ. ಹಾಗಾದರೆ ಕಬಡ್ಡಿ? ಎದುರಾಳಿಯನ್ನು ಹಿಡಿದು ಕೆಡಹುವ ಆ ಆಟದಲ್ಲಿಯೇ ಕಾರ್ಕಳದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನದಲ್ಲಿ ಪಾಲು ಪಡೆದರು, ನಾವೆಲ್ಲ ಹೆಮ್ಮೆಪಟ್ಟೆವು. ಹದಿನೈದು ಮಂದಿಯ ರಗ್ಬಿಗೆ 2018ರಲ್ಲಷ್ಟೇ ಇಳಿದ ಭಾರತದ ವನಿತೆಯರು ಮರುವರ್ಷವೇ ಮನಿಲಾದಲ್ಲಿ ಸಿಂಗಪುರವನ್ನು 21-19ರಿಂದ ಸೋಲಿಸಿದರು.

ಪೆಟ್ಟಾದೀತೆಂಬ ಭಯವೇ? ಭುಜಕ್ಕಿಂತ ಮೇಲೆ ಹಿಡಿಯುವುದು ಆಟದ ನಿಯಮಕ್ಕೇ ವಿರುದ್ಧ. ಸರಿಯಾಗಿ ಬೀಳುವುದನ್ನು ಕಲಿಸಲೆಂದೇ ತರಬೇತುದಾರರಿದ್ದಾರೆ. ನೀರಿನ ಕೊಡ, ಹುಲ್ಲಿನ ಹೊರೆ ಹೊರುವಾಗ ಕೋಮಲೆಯಲ್ಲದವಳು ಚೆಂಡು ಹಿಡಿದೊಡನೆ ಕೋಮಲೆಯಾಗುವಳೇ? ಮಗಳನ್ನು ಮೈದಾನದಿಂದ ಹಿಂದಕ್ಕೆ ಕರೆಯುವ ಮುನ್ನ, ಮಗನನ್ನೇಕೆ ಕರೆಯಲಿಲ್ಲವೆಂದು ನಿಮ್ಮನ್ನೇ ಕೇಳಿಕೊಳ್ಳಿ.