ಪ್ರವೇಶ ಅರ್ಜಿಯಲ್ಲಿ ಬರೆಸಿಕೊಂಡ ಒಪ್ಪಿಗೆ

2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿಯ ಒಂದು ಕಲಮು ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಮಗುವು ಧರ್ಮಗ್ರಂಥದ ತರಗತಿಗೆ ಹಾಜರಾಗುತ್ತದೆ, ಬೈಬಲ್ ಒಯ್ಯುವುದಕ್ಕೆ ತಮ್ಮ ತಕರಾರಿಲ್ಲ ಎಂದು ಪಾಲಕರಿಂದ ಅದರಲ್ಲಿ ಮೊದಲೇ ಬರೆಸಿಕೊಳ್ಳಲಾಗುತ್ತಿತ್ತು. ಹಿಂದೂ ಜನಜಾಗೃತಿ ಸಮಿತಿಯು ಇದನ್ನು ಬಲವಂತವೆಂದು ದೂರಿತು, ಶಿಕ್ಷಣ ಇಲಾಖೆ ವಿವರಣೆ ಕೇಳಿತು, ಎದುರು ಪಕ್ಷದವರು ಅಲ್ಪಸಂಖ್ಯಾತರ ಹಕ್ಕಿನ ಮೇಲೆ ದಾಳಿಯೆಂದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಗುಜರಾತ್ ಸರಕಾರವು ತನ್ನ ಶಾಲೆಗಳಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಭಗವದ್ಗೀತೆಯನ್ನು ಸೇರಿಸುವುದಾಗಿ ಘೋಷಿಸಿದಾಗ, ಕರ್ನಾಟಕದ ಅಂದಿನ ಶಿಕ್ಷಣ ಸಚಿವರು ಇಲ್ಲಿಯೂ ನೈತಿಕ ಶಿಕ್ಷಣದ ಹೆಸರಿನಲ್ಲಿ ಅಂಥ ವಿಚಾರವಿದೆಯೆಂದು ಹೇಳಿದ್ದರು. ಗೀತೆಗೆ ಸ್ವಾಗತ ಕೋರಿದವರಲ್ಲಿ ಬಹುಪಾಲು ಜನ ಬೈಬಲ್ಲಿಗೆ ಕೆರಳಿದರು, ಬೈಬಲ್ಲಿನ ಪರ ನಿಂತವರು ಗೀತೆಗೆ ಕೆರಳಿದರು. ಎರಡು ಪಾಳೆಯಗಳೂ ಗ್ರಂಥ ಯಾವುದೆಂಬುದನ್ನೇ ಹಿಡಿದು ಜಗ್ಗಾಡಿದವೇ ಹೊರತು, ಮಗುವನ್ನು ಆ ತರಗತಿಯಲ್ಲಿ ಕೂರಿಸುವ ಒಪ್ಪಿಗೆಯನ್ನು ಯಾರಿಂದ, ಯಾವಾಗ, ಹೇಗೆ ಪಡೆಯಲಾಯಿತೆಂಬ ಪ್ರಶ್ನೆಯನ್ನು ಎತ್ತಲಿಲ್ಲ.

ಸಂವಿಧಾನದ 28ನೇ ವಿಧಿ ಈ ಪ್ರಶ್ನೆಯನ್ನೇ ಎತ್ತುತ್ತದೆ. ಅದರ ಮೊದಲ ಉಪವಿಧಿಯಂತೆ, ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆಗೆ, ಅಂದರೆ ಒಂದು ಮತದ ನಂಬಿಕೆ ಮತ್ತು ಆಚರಣೆಗಳನ್ನು ಅನುಯಾಯಿಯಾಗಿ ಕಲಿಸುವುದಕ್ಕೆ, ಆಸ್ಪದವೇ ಇಲ್ಲ. ಅಲ್ಲಿ ಪಾಲಕರು ಒಪ್ಪಿದರೂ ಅದು ಕೂಡದು. ಎರಡನೆಯದು ಸರಕಾರ ಆಡಳಿತ ನಡೆಸುವ, ಆದರೆ ದತ್ತಿಯ ಷರತ್ತಿನಂತೆ ಸ್ಥಾಪನೆಯಾದ ಸಂಸ್ಥೆಗಳಿಗೆ ಕೊಟ್ಟ ವಿನಾಯಿತಿ. ಮೂರನೆಯದು ಖಾಸಗಿ ಶಾಲೆಗಳನ್ನು ಕುರಿತದ್ದು: ಸರಕಾರದ ಮಾನ್ಯತೆ ಪಡೆದ ಅಥವಾ ಅನುದಾನ ಪಡೆದ ಯಾವ ಶಾಲೆಯೇ ಆಗಲಿ, ವಿದ್ಯಾರ್ಥಿಯು ಅಪ್ರಾಪ್ತ ವಯಸ್ಕನಾಗಿದ್ದರೆ ಪಾಲಕರ ಒಪ್ಪಿಗೆಯಿಲ್ಲದೆ ಅವನನ್ನು ಧರ್ಮಬೋಧನೆಗೂ ಪೂಜೆ ಪ್ರಾರ್ಥನೆಗೂ ಕೂರಿಸಬಾರದು. ಇಲ್ಲಿ ಅನುದಾನದ ಜೊತೆಗೆ ಮಾನ್ಯತೆಯನ್ನೂ ಸೇರಿಸಿರುವುದರಿಂದ, 'ನಾವು ಸರಕಾರದ ಬಿಡಿಗಾಸೂ ಪಡೆಯುವುದಿಲ್ಲ' ಎಂಬ ಆಡಳಿತ ಮಂಡಳಿಗಳ ಎಂದಿನ ಸಮಜಾಯಿಷಿ ನಿಲ್ಲುವುದಿಲ್ಲ. ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ 30ನೇ ವಿಧಿಯ ಹಕ್ಕು ದೊಡ್ಡದು, ಉಳಿಯಬೇಕಾದದ್ದು. ಆದರೆ ಅದು ಸಂಸ್ಥೆಯನ್ನು ಸರಕಾರದಿಂದ ಕಾಯುವ ಹಕ್ಕಾದರೆ, 28ನೇ ವಿಧಿಯು ಮಗುವನ್ನು ಸಂಸ್ಥೆಯಿಂದ ಕಾಯುತ್ತದೆ.

ಅಲ್ಪಸಂಖ್ಯಾತರ ಶಾಲೆ ಏಕೆ ಬೇಕು ಎಂಬುದಕ್ಕೆ ಅತ್ಯಂತ ಸಣ್ಣ ಸಮುದಾಯವೊಂದರ ಇತಿಹಾಸವೇ ಸ್ಪಷ್ಟವಾದ ಉತ್ತರ ಕೊಡುತ್ತದೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ, ಶನಿವಾರ ದುಡಿಯದ ಕಾರಣ 'ಶನಿವಾರ ತೇಲಿ'ಗಳೆಂದು ಕರೆಸಿಕೊಳ್ಳುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳು ಹೀಬ್ರೂ ಭಾಷೆಯನ್ನು ಬಹುಮಟ್ಟಿಗೆ ಮರೆತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಮಕ್ಕಳಿಗೆ ಅಕ್ಷರ ಕೊಟ್ಟದ್ದು ಅಮೆರಿಕನ್ ಮತ್ತು ಸ್ಕಾಟಿಷ್ ಮಿಷನರಿಗಳು. ಮುಂಬಯಿಯ ಜಾನ್ ವಿಲ್ಸನ್ನರು ಅವರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೇ ಬರೆದರು. ಕಲಿಸಿದವರಿಗೆ ಮತಾಂತರದ ಆಸೆ ಇತ್ತು, ಕಲಿತವರಿಗೆ ತಮ್ಮ ಮತವನ್ನು ಇನ್ನಷ್ಟು ಗಟ್ಟಿಯಾಗಿ ತಿಳಿಯುವ ಆಸೆ ಇತ್ತು, ಕೊನೆಗೆ ಗೆದ್ದದ್ದು ಎರಡನೆಯದೇ. 1875ರಲ್ಲಿ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರರ ಮುಂದಾಳತನದಲ್ಲಿ ಮುಂಬಯಿಯಲ್ಲಿ ಇಸ್ರೇಲೈಟ್ ಶಾಲೆ ಹುಟ್ಟಿತು. ಮುಂದೆ ಸರ್ ಎಲ್ಲಿ ಕಡೂರಿಯವರ ಹೆಸರು ಪಡೆದ ಆ ಶಾಲೆಗೆ 1922ರಿಂದ 1950ರವರೆಗೆ ರೆಬೆಕ್ಕಾ ರೂಬೆನ್ ಮುಖ್ಯಾಧ್ಯಾಪಕಿಯಾಗಿದ್ದರು. ಅಲ್ಲಿ ಮರಾಠಿ ಮತ್ತು ಇಂಗ್ಲಿಷಿನ ಪಕ್ಕದಲ್ಲಿ ಹೀಬ್ರೂ ಇತ್ತು. ಅನ್ಯರ ಧರ್ಮಪಾಠವನ್ನು ಶಾಲೆಯ ಬೆಲೆಯಾಗಿ ತೆರಬೇಕಾದ ಸ್ಥಿತಿಯಿಂದ ಪಾರಾಗಿ ಒಂದು ಸಮುದಾಯ ತನ್ನ ಶಾಲೆ ಕಟ್ಟಿಕೊಂಡ ಈ ಉದಾಹರಣೆಯನ್ನು, ತಮ್ಮ ಧರ್ಮಪಾಠವನ್ನು ಅನ್ಯರಿಗೆ ಶಾಲೆಯ ಬೆಲೆಯಾಗಿ ನಿಗದಿಮಾಡುವ ಇಂದಿನ ಆಡಳಿತ ಮಂಡಳಿಗಳು ಓದಿ ನೋಡಬೇಕು.

ಅಂಥ ಶಾಲೆಯೊಳಗೆ ಧರ್ಮಪಾಠ ಹೇಗಿರುತ್ತದೆಂಬುದನ್ನೂ ನೋಡಬೇಕು. ಯಹೂದಿ ಪ್ರಾಥಮಿಕ ಶಾಲೆಯ ದಿನವು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ಒಂದರಲ್ಲಿ ಹೀಬ್ರೂ ಓದು, ಪ್ರಾರ್ಥನೆ, ತೋರಾ, ಅಂದರೆ ಮೋಶೆಯದೆಂದು ನಂಬಲಾದ ಐದು ಗ್ರಂಥಗಳ ಪಾಠ. ಇನ್ನೊಂದರಲ್ಲಿ ಗಣಿತ, ವಿಜ್ಞಾನ, ನಾಡಿನ ಭಾಷೆ. ಮೊದಲ ಸಲ ಅಕ್ಷರ ಕಲಿಯುವ ಮಗುವಿಗೆ ಅಕ್ಷರದ ಮೇಲೆ ಜೇನು ಸವರಿ ನೆಕ್ಕಿಸುವ ಹಳೆಯ ಪದ್ಧತಿಯೊಂದಿದೆ. ಅಕ್ಕಿಯ ಮೇಲೆ ಬೆರಳು ಹಿಡಿದು ಓಂಕಾರ ಬರೆಸುವ ನಾಡಿನವರಿಗೆ ಅದು ಪರಕೀಯವೆನಿಸದು. ಸುಕ್ಕೋತ್ ಹಬ್ಬಕ್ಕೆ ಮಕ್ಕಳೇ ಶಾಲೆಯ ಅಂಗಳದಲ್ಲಿ ಸೊಪ್ಪುಸದೆಯ ಚಾವಣಿಯ ಚಪ್ಪರ ಹಾಕುತ್ತಾರೆ, ಶುಕ್ರವಾರ ದಾನದ ಡಬ್ಬಿಗೆ ಕಾಸು ಹಾಕುತ್ತಾರೆ. ಪಾಸ್ಕ ಹಬ್ಬಕ್ಕೆ ಮೊದಲು ತರಗತಿಯಲ್ಲೇ ಸೇದೆರ್ ಎಂಬ ವಿಧಿಬದ್ಧ ಊಟದ ತಾಲೀಮು ನಡೆಯುತ್ತದೆ. ಆ ಊಟದಲ್ಲಿ ಪಂಕ್ತಿಯ ಅತಿ ಕಿರಿಯ ಮಗು ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಹೇಗೆ ಭಿನ್ನವೆಂದು ಪ್ರಶ್ನೆ ಕೇಳಬೇಕು, ಹಿರಿಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆ ಹೇಳಿ ಉತ್ತರಿಸಬೇಕು. ಪ್ರಶ್ನೆ ಬಾರದಿದ್ದರೆ ಕಥೆ ಮುಂದುವರಿಯದು. ಅರ್ಥ ತಿಳಿಯದೆ ಅಧ್ಯಾಯಗಳನ್ನು ಸಾಮೂಹಿಕವಾಗಿ ಪಠಿಸುವುದನ್ನೇ ಮೌಲ್ಯಶಿಕ್ಷಣವೆಂದು ಸಮಾರಂಭಗಳಲ್ಲಿ ಮೆರೆಸುವವರಿಗೆ ಇಲ್ಲಿ ಕಲಿಯಲು ಸಾಕಷ್ಟಿದೆ.

ಆದರೆ ಇದೇ ಪರಂಪರೆಯ ಇನ್ನೊಂದು ತುದಿಯೂ ಇದೆ. ನ್ಯೂಯಾರ್ಕಿನ ಹಸಿದಿಕ್ ಪಂಥದ ಕೆಲವು ಯೆಶಿವಾಗಳಲ್ಲಿ, ಅಂದರೆ ಧರ್ಮಶಾಸ್ತ್ರವೇ ಪ್ರಧಾನವಾದ ಶಾಲೆಗಳಲ್ಲಿ, ಗಂಡುಮಕ್ಕಳಿಗೆ ಇಂಗ್ಲಿಷು ಮತ್ತು ಗಣಿತ ಸರಿಯಾಗಿ ಸಿಗುತ್ತಿಲ್ಲವೆಂದು 2015ರಲ್ಲಿ ದೂರು ಕೊಟ್ಟವರು ಹೊರಗಿನ ದ್ವೇಷಿಗಳಲ್ಲ, ಅಲ್ಲಿಯೇ ಓದಿದ ಹಳೆಯ ವಿದ್ಯಾರ್ಥಿಗಳು ಮತ್ತು ಪಾಲಕರು. ಖಾಸಗಿ ಶಾಲೆಯ ಕಲಿಕೆ ಸಾರ್ವಜನಿಕ ಶಾಲೆಯದಕ್ಕೆ ಗಣನೀಯವಾಗಿ ಸಮನಾಗಿರಬೇಕೆಂಬ ಹಳೆಯ ಕಾಯ್ದೆಯನ್ನು ಜಾರಿಗೆ ತರುವ ನಿಯಮಗಳನ್ನು ಆ ರಾಜ್ಯ 2022ರ ಸೆಪ್ಟೆಂಬರಿನಲ್ಲಿ ರೂಪಿಸಿತು, 2025ರಲ್ಲಿ ರಾಜಕೀಯ ಒತ್ತಡಕ್ಕೆ ಮಣಿದು ಬಜೆಟ್ಟಿನ ಜೊತೆಗೇ ಅವನ್ನು ಸಡಿಲಿಸಿತು. ಸಮುದಾಯದ ಹಕ್ಕಿನ ಹೆಸರಿನಲ್ಲಿ ಆ ಸಮುದಾಯದ್ದೇ ಮಗು ನಷ್ಟಕ್ಕೊಳಗಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಶಾಲೆಯ ಧರ್ಮಪಾಠದ ಜಗಳ 2022ರಲ್ಲಿ ಶುರುವಾದದ್ದಲ್ಲ. 2011ರಲ್ಲಿ ಸೋಂದಾ ಸ್ವರ್ಣವಲ್ಲೀ ಮಠದ ಭಗವದ್ಗೀತಾ ಅಭಿಯಾನಕ್ಕೆ ಶಾಲೆಗಳ ಬಾಗಿಲು ತೆರೆದಾಗಲೂ ಪ್ರತಿಭಟನೆ ನಡೆದು ವಿಷಯ ಹೈಕೋರ್ಟಿನ ಮೆಟ್ಟಿಲೇರಿತ್ತು. ಆಗ ಅಭಿಯಾನದ ಪರವಾದಿಗಳು ಗೀತೆ ಧರ್ಮಗ್ರಂಥವೇ ಅಲ್ಲ, ಜೀವನಗ್ರಂಥ ಎಂದರು. ತಮ್ಮ ಗ್ರಂಥವನ್ನು ತರಗತಿಯೊಳಗೆ ಒಯ್ಯಲು ಅದರ ಪಾವಿತ್ರ್ಯವನ್ನೇ ಬಾಗಿಲಲ್ಲಿ ಕಳಚಿಡುವ ಈ ವಾದವು ಭಕ್ತರ ಬಾಯಿಂದ ಬಂದದ್ದು ವಿಚಿತ್ರವೇ ಸರಿ. ನ್ಯಾಯಾಲಯಗಳು ಇದಕ್ಕಿಂತ ಸ್ಪಷ್ಟವಾದ ಗೆರೆ ಎಳೆದಿವೆ. 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗುರುನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನಕ್ಕೆ ಏರ್ಪಾಡು ಮಾಡುವುದು ಧರ್ಮಬೋಧನೆಯಲ್ಲವೆಂದಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿ ಎಲ್ಲ ಧರ್ಮಗಳ ಬಗೆಗೆ ತಿಳಿಸುವ ಶಿಕ್ಷಣ ಬೇರೆ, ಒಂದು ಧರ್ಮದ ಬೋಧನೆ ಬೇರೆ ಎಂದಿತು. ಬಸವಣ್ಣನವರ ವಚನ, ಗೀತೆಯ ಕರ್ಮವಿಚಾರ, ಬೈಬಲ್ಲಿನ ದೃಷ್ಟಾಂತ, ಜೈನರ ಅಹಿಂಸಾವ್ರತ ಇವೆಲ್ಲ ಭಾಷೆ ಮತ್ತು ಇತಿಹಾಸದ ಪಾಠಗಳಾಗಿ ಯಾವ ಶಾಲೆಗೂ ಬರಬಹುದು. ಆದರೆ ಅದೇ ಗ್ರಂಥಕ್ಕೆ ಆರತಿ ಎತ್ತಿ, ಎದ್ದು ನಿಂತು, ಕೈಮುಗಿದು ಪಠಿಸಲು ಹೇಳಿದ ಕೂಡಲೇ ಗೆರೆ ದಾಟಿದಂತಾಗುತ್ತದೆ.

ಬೆಂಗಳೂರಿನಲ್ಲಿ ಒಂದು ಶಾಲೆ ಹಿಡಿಸದಿದ್ದರೆ ಇನ್ನೊಂದಿದೆ ಎಂದು ಹೇಳಬಹುದು. ಹುಕ್ಕೇರಿ ತಾಲೂಕಿನ ಹತ್ತರಗಿಯಂಥ ಊರಿನಲ್ಲಿ ನಿಂತು ಆ ಮಾತು ಹೇಳಲಾಗದು. ಪುಣೆ-ಬೆಂಗಳೂರು ಹೆದ್ದಾರಿಯ ಟೋಲ್ ನಾಕೆಯಿಂದಷ್ಟೇ ಹೊರಗಿನವರಿಗೆ ಪರಿಚಯವಿರುವ ಇಂಥ ಊರುಗಳಲ್ಲಿ, ಗೋಕಾಕ ಮೂಡಲಗಿ ಕಡೆಯ ಹಳ್ಳಿಗಳಲ್ಲೂ, ಸರಕಾರಿ ಕನ್ನಡ ಸಾಲಿಯನ್ನು ಬಿಟ್ಟರೆ ಬಸ್ಸು ಮುಟ್ಟುವ ದೂರದಲ್ಲಿ, ಕೈಗೆಟುಕುವ ಫೀಯಲ್ಲಿ ಸಿಗುವ ಖಾಸಗಿ ಶಾಲೆಗಳು ಬೆರಳೆಣಿಕೆಯವು. ಅವನ್ನು ನಡೆಸುವವರಲ್ಲಿ ಮಠಗಳೂ ಮಿಷನ್ನುಗಳೂ ಜಾತಿ ಸಮುದಾಯಗಳ ಸಂಸ್ಥೆಗಳೂ ಇವೆ. ಲಿಂಗಾಯತ, ಜೈನ, ಮರಾಠ, ಮುಸ್ಲಿಂ, ದಲಿತ ಮನೆಗಳ ಮಕ್ಕಳು ಒಂದೇ ಬಾಕಿನ ಮೇಲೆ ಕೂರುವಲ್ಲಿ ಇರುವ ಒಂದೇ ಶಾಲೆ ಬರೆಸಿಕೊಳ್ಳುವ ಒಪ್ಪಿಗೆ ಎಂಥದ್ದು? ಸೀಟು ಬೇಕಾದ ಪಾಲಕನು ಅರ್ಜಿಯ ಯಾವ ಕಲಮಿಗೂ ಸಹಿ ಹಾಕುತ್ತಾನೆ, ಎಷ್ಟೋ ಸಲ ಓದದೆಯೇ ಹಾಕುತ್ತಾನೆ. ಈ ತೊಡಕನ್ನು ವಸಾಹತು ಸರಕಾರವೇ ಗುರುತಿಸಿತ್ತೆಂಬುದು ಇಂದಿನವರು ಮರೆತ ಸಂಗತಿ. 1882ರ ಹಂಟರ್ ಆಯೋಗವು, ಒಂದು ಊರಿನಲ್ಲಿ ಆ ದರ್ಜೆಯ ಶಾಲೆ ಅದೊಂದೇ ಆಗಿದ್ದು ಅಲ್ಲಿ ಧರ್ಮಬೋಧನೆ ದೈನಂದಿನ ಪಾಠದ ಭಾಗವಾಗಿದ್ದರೆ, ಶಾಲೆಯ ಬೇರಾವ ಪ್ರಯೋಜನವನ್ನೂ ಕಳೆದುಕೊಳ್ಳದೆ ಮಗುವನ್ನು ಆ ಪಾಠದಿಂದ ಹೊರಗಿರಿಸಲು ಪಾಲಕರಿಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತ್ತು. ಆಗ ಹತ್ತರಗಿಯೂ ಇಸ್ರೇಲೈಟ್ ಶಾಲೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಇಂಗ್ಲೆಂಡಿನ 1870ರ ಶಿಕ್ಷಣ ಕಾಯ್ದೆಯಂತೂ ಧರ್ಮಪಾಠವನ್ನು ಶಾಲೆಯ ವೇಳೆಯ ಆರಂಭದಲ್ಲಿ ಅಥವಾ ಕೊನೆಯಲ್ಲಿ ಮಾತ್ರ ಇಡಬೇಕೆಂದು ವಿಧಿಸಿತ್ತು. ಬೇಡವೆಂದ ಮಗು ತಡವಾಗಿ ಬಂದರಾಯಿತು ಅಥವಾ ಬೇಗ ಹೊರಟರಾಯಿತು, ನಡುಮಧ್ಯೆ ಎಲ್ಲರ ಕಣ್ಣೆದುರು ಎದ್ದುಹೋಗುವ ಮುಜುಗರವಿಲ್ಲ.

ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಪಾಲಕರಿಗೆ ಇಂಥ ಅವಕಾಶ ಕೊಡುವುದನ್ನು ಹಸ್ತಕ್ಷೇಪವೆಂದು ಕರೆಯುವ ಮೊದಲು ತಮ್ಮದೇ ವಾದವನ್ನು ನೆನೆಯಬೇಕು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷಾ ಮಾಧ್ಯಮ ಕಡ್ಡಾಯವೆಂಬ ಕರ್ನಾಟಕದ ಆದೇಶವನ್ನು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಳ್ಳಿಹಾಕಿದಾಗ ಗೆದ್ದದ್ದು ಈ ಮಂಡಳಿಗಳ ಸಂಘವೇ, ಗೆಲ್ಲಿಸಿದ್ದು ಮಾಧ್ಯಮದ ಆಯ್ಕೆ ಮಗು ಮತ್ತು ಪಾಲಕರದ್ದೆಂಬ ತತ್ತ್ವವೇ. ಕಲಿಕೆಯ ಇಡೀ ಮಾಧ್ಯಮವನ್ನು ಆರಿಸಲು ಅರ್ಹನಾದ ಪಾಲಕನು ವಾರದ ಒಂದು ಧರ್ಮಪಾಠ ಬೇಡವೆನ್ನಲು ಅನರ್ಹನಾಗುವುದು ಹೇಗೆ? ಅದೇ ದಿನ ಬಂದ ಇನ್ನೊಂದು ತೀರ್ಪು, ಪ್ರಮತಿ ಪ್ರಕರಣದ್ದು, ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಪೂರ್ತಿಯಾಗಿ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನದೇ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದರ ಬಗೆಗೆ ಸಂದೇಹ ವ್ಯಕ್ತಪಡಿಸಿ, ಮರುಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಅದು ಏನೇ ಆಗಲಿ, 28ನೇ ವಿಧಿಯ ಮೂರನೆಯ ಉಪವಿಧಿಗೆ ಮಾನ್ಯತೆ ಪಡೆದ ಯಾವ ಶಾಲೆಯೂ ಹೊರಗಲ್ಲ.

ಮಂಡಳಿಗಳನ್ನು ಖಂಡಿಸಲು ಮುಂದಾದವರ ಕೈಯೂ ಶುದ್ಧವಿಲ್ಲ. ಖಾಸಗಿ ಶಾಲೆಯಲ್ಲಿ ಒಪ್ಪಿಗೆ ಪಡೆದು ಕಲಿಸುವುದು ತಪ್ಪೆಂದು ಬೀದಿಗಿಳಿದವರು, ಒಪ್ಪಿಗೆ ಪಡೆದರೂ ಕಲಿಸಲಾಗದ ಸರಕಾರಿ ಶಾಲೆಯಲ್ಲಿ ಪೂಜೆ ಹೋಮಗಳನ್ನು ಸಂಸ್ಕೃತಿಯೆಂದು ಸಮರ್ಥಿಸುತ್ತಾರೆ. ಇವೆರಡರಲ್ಲಿ ಸಂವಿಧಾನದ ದೃಷ್ಟಿಯಿಂದ ಎರಡನೆಯದೇ ದೊಡ್ಡ ಅಪರಾಧ. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣದಿಂದ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಮಗುವಿನ ಅಂತಃಸಾಕ್ಷಿಗೆ ಅಷ್ಟು ಮನ್ನಣೆಯಿರುವಾಗ, ಸರಸ್ವತೀ ಪೂಜೆಯಲ್ಲಿ ಕೈಮುಗಿಯದ ಹುಡುಗಿಯನ್ನು ಗದರಿಸುವ ಅಧಿಕಾರ ಯಾವ ಮಾಸ್ತರಿಗೂ, ಯಾವ ಅಕ್ಕೋರಿಗೂ ಇಲ್ಲ.

ಧರ್ಮಪಾಠ ಹೇರದೆಯೂ ಶಾಲೆ ನಡೆಸಬಹುದೆಂಬುದಕ್ಕೆ ಯಹೂದಿಗಳ ಶಾಲೆಗಳೇ ಸಾಕ್ಷಿ. ಕೊಲ್ಕತ್ತದಲ್ಲಿ 1881ರಲ್ಲಿ ಸ್ಥಾಪನೆಯಾದ ಯಹೂದಿ ಬಾಲಕಿಯರ ಶಾಲೆಯಲ್ಲಿ ಇಂದು ಓದುವವರಲ್ಲಿ ಬಹುಪಾಲು ಮುಸ್ಲಿಂ ಹುಡುಗಿಯರು. ಮುಂಬಯಿಯ ಕಡೂರಿ ಶಾಲೆಯಲ್ಲೂ ಯಹೂದಿಯೇತರ ಮಕ್ಕಳೇ ತುಂಬಿದ್ದಾರೆ. ಸಮುದಾಯ ವಲಸೆ ಹೋಗಿ ಕರಗಿದ ಮೇಲೂ ಅದರ ಶಾಲೆಗಳು ಉಳಿದಿರುವುದು, ಹೊಸದಾಗಿ ಬಂದ ಮಕ್ಕಳ ಮೇಲೆ ಹಳೆಯ ಧರ್ಮಪಾಠವನ್ನು ಹೇರದಿದ್ದರಿಂದಲೇ.

ಆದ್ದರಿಂದ ಶಿಕ್ಷಣ ಇಲಾಖೆ ಒಂದೊಂದು ಶಾಲೆಗೆ ನೋಟಿಸು ಕೊಟ್ಟು ಸುದ್ದಿಯಾಗುವುದನ್ನು ಬಿಟ್ಟು ಎಲ್ಲರಿಗೂ ಅನ್ವಯಿಸುವ ಒಂದು ಸುತ್ತೋಲೆ ಹೊರಡಿಸಲಿ: ಧರ್ಮಬೋಧನೆಯ ಒಪ್ಪಿಗೆಯನ್ನು ಪ್ರವೇಶ ಅರ್ಜಿಯಲ್ಲಿ ಬರೆಸಿಕೊಳ್ಳಕೂಡದು, ಪ್ರವೇಶವಾದ ಮೇಲೆ, ಕನ್ನಡದಲ್ಲೂ ಮನೆಮಾತಿನಲ್ಲೂ ಇರುವ ಬೇರೆ ಕಾಗದದಲ್ಲಿ, ವರ್ಷವರ್ಷವೂ ಹೊಸದಾಗಿ, ಯಾವಾಗ ಬೇಕಾದರೂ ಹಿಂಪಡೆಯುವಂತೆ ಅದನ್ನು ಕೇಳಬೇಕು, ಆ ಪಾಠ ಮೊದಲ ಅಥವಾ ಕೊನೆಯ ತಾಸಿನಲ್ಲಿರಬೇಕು, ಬೇಡವೆಂದವರಿಗೆ ಆ ಹೊತ್ತಿಗೆ ಓದುವ ಕೋಣೆ ಇರಬೇಕು. ಸರಕಾರಿ ಶಾಲೆಗಳಲ್ಲಿ ಇದರ ಪ್ರಶ್ನೆಯೇ ಏಳದಂತೆ ನೋಡಿಕೊಳ್ಳುವುದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಹೊಣೆ. ಮುಂದಿನ ಜೂನಿನಲ್ಲಿ ಮಗುವಿನ ಹೆಸರು ಹಚ್ಚಲು ಹೋಗುವ ಪಾಲಕರು ಸಹಿ ಹಾಕುವ ಮೊದಲು ಅರ್ಜಿಯ ಕೊನೆಯ ಪುಟವನ್ನು ಓದಿಸಿ ಕೇಳಲಿ, ಅಂಥ ಕಲಮಿದ್ದರೆ ಅದನ್ನು ಹೊಡೆದುಹಾಕಿ ಸಹಿ ಮಾಡಲಿ.