ಫ್ರಿಜ್ಜಿನೊಳಗೊಂದು ಕಣ್ಣು

ಬಾಗಿಲು ಹಾಕಿದ ಮೇಲೆ ಫ್ರಿಜ್ಜಿನ ದೀಪ ಆರುತ್ತದೆಯೇ? ಮಕ್ಕಳ ಈ ಹಳೆಯ ಸಂಶಯ ಈಗ ಸುಲಭವಾಗಿ ತೀರುತ್ತದೆ: ಮೊಬೈಲ್‌ನಲ್ಲಿ ವಿಡಿಯೊ ಚಾಲೂ ಮಾಡಿ, ಮೊಸರಿನ ಪಾತ್ರೆಗೆ ಆನಿಸಿ ಎರಡು ನಿಮಿಷ ಒಳಗಿಟ್ಟರಾಯಿತು.

ರಿಪೇರಿಗೂ ಇದೇ ಉಪಾಯ ಒದಗುತ್ತದೆ. ಫ್ರಾಸ್ಟ್‌ಫ್ರೀ ಫ್ರಿಜ್ಜುಗಳಲ್ಲಿ ತಂಪು ಹರಡುವ ಫ್ಯಾನು ಸಾಮಾನ್ಯವಾಗಿ ಬಾಗಿಲು ತೆರೆದೊಡನೆ ನಿಂತುಬಿಡುತ್ತದೆ. ಮೆಕ್ಯಾನಿಕ್ ಇಣುಕಿದರೆ ಸದ್ದಿಲ್ಲ. ಬಾಗಿಲು ಹಾಕಿದರೆ ಏನೂ ಕಾಣದು. ಒಳಗಿಟ್ಟ ಮೊಬೈಲ್‌ಗೆ ಮಾತ್ರ ಎಲ್ಲ ಕೇಳುತ್ತದೆ: ರೆಕ್ಕೆ ಐಸಿಗೆ ತಾಗುವ ಟರಟರ, ಇಲ್ಲವೇ ಫ್ಯಾನೇ ತಿರುಗದ ಮೌನ. ದೀಪ ಆರಲೇ ಇಲ್ಲವೆಂದರೆ ಬಾಗಿಲಿನ ಸ್ವಿಚ್ಚನ್ನು ನೋಡಬೇಕು.

ಗಂಗಾವತಿ ತಾಲೂಕಿನ ಶ್ರೀರಾಮನಗರದಂಥ, ಭತ್ತದ ಗದ್ದೆಗಳ ನಡುವಿನ ಊರಿನಲ್ಲಿ ಇದರ ಬೆಲೆ ಹೆಚ್ಚು. ಮೇ ತಿಂಗಳ ಬಿಸಿಲಲ್ಲಿ ಫ್ರಿಜ್ಜು ಕೈಕೊಟ್ಟರೆ, ಕಂಪನಿಯವರು ಬರುವಷ್ಟರಲ್ಲಿ ಹಾಲು ಒಡೆದಿರುತ್ತದೆ. ವಿಡಿಯೊ ಮೊದಲೇ ಕಳಿಸಿದರೆ ಬೇಕಾದ ಸಾಮಾನು ಹಿಡಿದೇ ಬರಬಹುದು. ‘ಕಂಪ್ರೆಸರ್ ಹೋಗಿದೆ’ ಎಂಬ ಸಿದ್ಧ ಮಾತನ್ನು ಪ್ರಶ್ನಿಸಲೂ ಗಿರಾಕಿಗೆ ಧೈರ್ಯ ಬರುತ್ತದೆ.

ಎಲ್ಲ ಯಂತ್ರಕ್ಕೂ ಇದು ಸಲ್ಲದು. ಮೈಕ್ರೊವೇವ್ ಒಳಗೆ ಫೋನಿಟ್ಟು ಚಾಲೂ ಮಾಡಿದರೆ ಬ್ಯಾಟರಿಗೇ ಬೆಂಕಿ ಹತ್ತಬಹುದು. ವಾಷಿಂಗ್ ಮಷೀನನ್ನು ಗಾಜಿನ ಹೊರಗಿನಿಂದ ಚಿತ್ರಿಸಿದರೆ ಸಾಕು.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ದುರಸ್ತಿ, ಬಿಡಿಭಾಗ, ವಾರಂಟಿಗಳ ಮಾಹಿತಿ ಒಂದೆಡೆ ಸಿಗಲಿ ಎಂಬುದು ಉದ್ದೇಶ. ಗಿರಾಕಿ ಕಳಿಸಿದ ವಿಡಿಯೊ ನೋಡಿ ಖರ್ಚಿನ ಅಂದಾಜು ಮೊದಲೇ ಹೇಳಬೇಕೆಂಬ ನಿಯಮವನ್ನೂ ಕಂಪನಿಗಳಿಗೆ ಹಾಕಬೇಕು. ಸದ್ಯಕ್ಕಂತೂ ಬಾಗಿಲು ತೆರೆದು ಮುಚ್ಚಿದ್ದಕ್ಕೇ ವಿಸಿಟಿಂಗ್ ಚಾರ್ಜು.