ಹುಲಿಯಿಂದ ಸೊನ್ನೆಯವರೆಗೆ

ಸೆಪ್ಟೆಂಬರ್ ಬಂತೆಂದರೆ ಲಂಡನ್ನಿನ ಕನ್ನಡ ವಾಟ್ಸ್ಯಾಪ್ ಗುಂಪುಗಳಿಗೆ ಬಿಡುವಿರುವುದಿಲ್ಲ. ರೂಮು ಖಾಲಿ ಇದೆಯಾ, ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಬ್ಯಾಂಕ್ ಖಾತೆಗೆ ಯಾವ ಪತ್ರ ಬೇಕು ಎಂದು ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಹಳಬರು ಬೇಸರಿಸದೆ ಉತ್ತರಿಸುತ್ತಾರೆ. ರಾಜ್ಯೋತ್ಸವದ ಹೊತ್ತಿಗೆ ಈ ಹುಡುಗ ಹುಡುಗಿಯರಿಗೆ ಬಸ್ಸಿನ ನಂಬರು, ಅಂಗಡಿಯ ದಾರಿ ಎಲ್ಲ ಬಾಯಿಪಾಠವಾಗಿರುತ್ತದೆ. ಯಾರೂ ಕೇಳದೆ ಉಳಿದುಬಿಡುವ ಪ್ರಶ್ನೆ ಒಂದೇ: ಈ ಊರಿನಲ್ಲಿ ನೋಡುವುದೇನು, ನೋಡುವುದು ಹೇಗೆ?

ಕೇಳಲು ಪುರುಸೊತ್ತಾದರೂ ಎಲ್ಲಿ? ಬ್ರಿಟನ್ನಿನ ಸ್ನಾತಕೋತ್ತರ ಪದವಿ ಹೆಚ್ಚಾಗಿ ಒಂದೇ ವರ್ಷದ್ದು. ಪದವಿ ಮಟ್ಟದ ಓದಿನ ವೀಸಾದಲ್ಲಿ ಬಂದವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಸೂಪರ್‌ಮಾರ್ಕೆಟ್ಟಿನ ಶಿಫ್ಟು, ಅಸೈನ್‌ಮೆಂಟು, ಅಡುಗೆ ಎಲ್ಲ ಕಳೆದು ಎಂದೋ ಒಂದು ಶನಿವಾರ ಕೈಗೆ ಸಿಕ್ಕರೆ ಬಿಗ್ ಬೆನ್, ಲಂಡನ್ ಐ, ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ ಎಂದು ಒಂದೇ ಉಸಿರಿಗೆ ಓಡಾಟ. ಫೋಟೋ ತೆಗೆಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಊರಲ್ಲಿ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. ಆದರೆ ರಾತ್ರಿ ರೂಮಿಗೆ ಬಂದು ಮಲಗಿದಾಗ ಕಾಲುನೋವು ಬಿಟ್ಟರೆ ನೆನಪಿನಲ್ಲಿ ಉಳಿದದ್ದು ಕಡಿಮೆ.

ಎರಡೇ ಜಾಗ ಆರಿಸಿಕೊಂಡು, ಒಂದೊಂದು ವಸ್ತುವಿನ ಮುಂದೆ ನಿಂತು ‘ಇದು ಇಲ್ಲಿಗೆ ಹೇಗೆ ಬಂತು, ಏತಕ್ಕೆ ಬಂತು’ ಎಂದು ಕೇಳುತ್ತ ಹೋದರೆ ಅದೇ ಶನಿವಾರ ಬೇರೆಯೇ ಆಗುತ್ತದೆ. ತುಮಕೂರಿನ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ಕನ್ನಡ ಸಂಘದ ಹಿರಿಯ ಸದಸ್ಯರೊಬ್ಬರ ಜೊತೆ ಹಾಗೆ ಹೊರಟಳೆನ್ನಿ.

ಹತ್ತು ಗಂಟೆಗೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಟಿಪ್ಪು ಸುಲ್ತಾನನ ಹುಲಿ. ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರಿಗೆ ಇದರ ಚಿತ್ರ ಗೊತ್ತು, ಅಳತೆ ಗೊತ್ತಿರುವುದಿಲ್ಲ. ಆರು ಅಡಿಗೆ ಕೊಂಚ ಕಡಿಮೆ ಉದ್ದದ, ಬಣ್ಣ ಬಳಿದ ಮರದ ಹುಲಿ. ಅದರ ಕೆಳಗೆ ಅಂಗಾತ ಬಿದ್ದ ಯುರೋಪಿನ ಸಿಪಾಯಿ. ಹುಲಿಯ ಹಲ್ಲು ಅವನ ಕುತ್ತಿಗೆಯಲ್ಲಿ. ಹಿಡಿ ತಿರುಗಿಸಿದರೆ ಸಿಪಾಯಿಯ ಎಡಗೈ ಮೇಲೇಳುತ್ತ ಕೆಳಗಿಳಿಯುತ್ತ ನರಳಾಟ ಕೇಳಿಸುತ್ತದೆ, ನಡುನಡುವೆ ಹುಲಿಯ ಗುರುಗುಟ್ಟು. ಹುಲಿಯ ಹೊಟ್ಟೆಯೊಳಗೆ ತಿದಿಯೂ ಕೊಳವೆಗಳೂ ಇರುವ ಪುಟ್ಟ ಆರ್ಗನ್ ವಾದ್ಯವೂ ಇದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅರಮನೆಯ ಸಂಪತ್ತನ್ನು ಗೆದ್ದ ಸೈನ್ಯ ದರ್ಜೆಗೆ ತಕ್ಕಂತೆ ಪಾಲು ಹಾಕಿಕೊಂಡಿತು. ಹುಲಿ ಹಡಗು ಹತ್ತಿ ಲಂಡನ್ನಿಗೆ ಬಂದು, 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ನಿಂತಿತು. ಅಲ್ಲಿ ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದ ಗ್ರಂಥಾಲಯದಲ್ಲಿ ಕೂತು ಓದುವವರಿಗೆ ಈ ಗುರುಗುಟ್ಟು ಸಾಕುಸಾಕಾಗಿ, ಪತ್ರಿಕೆಗಳಲ್ಲಿ ದೂರು ಬರುವ ಮಟ್ಟಕ್ಕೆ ಹೋಯಿತು. 1880ರಲ್ಲಿ ಹುಲಿ ಈ ಮ್ಯೂಸಿಯಮ್ಮಿಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಮೇಲಿನ ಚಾವಣಿ ಕುಸಿದಾಗ ನೂರಾರು ಚೂರಾಗಿ, ಯುದ್ಧ ಮುಗಿದ ಮೇಲೆ ಮತ್ತೆ ಜೋಡಣೆಗೊಂಡಿತು. ಮರದ ಮೈಯಲ್ಲಿ ಸೀಳು ಕೂಡಿಸಿದ ಗೆರೆ ಕಾಣುತ್ತದೆಯೇ ಎಂದು ಅರ್ಧ ಗಂಟೆ ಬಗ್ಗಿ ನೋಡಿದರೂ ಯಾರೂ ಎಬ್ಬಿಸುವುದಿಲ್ಲ.

ಅಲ್ಲಿಂದ ಗ್ರೀನಿಚ್. ಕ್ಯಾನರಿ ವಾರ್ಫ್ ಬಳಿ ಡಿಎಲ್‌ಆರ್ ಹತ್ತಿದರೆ ಮುಂದಿನ ಸೀಟು ಹಿಡಿಯಬೇಕು. ಈ ರೈಲಿಗೆ ಡ್ರೈವರನ ಕೋಣೆಯಿಲ್ಲ. ಹಳಿ ನೇರವಾಗಿ ಕಣ್ಣಮುಂದೆಯೇ ಬಿಚ್ಚಿಕೊಳ್ಳುತ್ತದೆ. ಕಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದು ಪಾರ್ಕಿನ ಏರು ಹತ್ತುವಾಗ ಗಡಿಯಾರ ನೋಡುತ್ತಿರಬೇಕು, ಒಂದು ಗಂಟೆ ತಪ್ಪಬಾರದು.

1675ರಲ್ಲಿ ಸ್ಥಾಪನೆಯಾದ ರಾಯಲ್ ಅಬ್ಸರ್ವೇಟರಿಯ ನೆತ್ತಿಯಲ್ಲಿ ಕಂಬಕ್ಕೆ ಕೋದ ಕೆಂಪು ಗೋಳವೊಂದಿದೆ. 12.55ಕ್ಕೆ ಅದು ಅರ್ಧ ಕಂಬ ಏರುತ್ತದೆ, 12.58ಕ್ಕೆ ತುದಿ ಮುಟ್ಟುತ್ತದೆ, ಸರಿಯಾಗಿ ಒಂದಕ್ಕೆ ಬೀಳುತ್ತದೆ. ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳು ತಮ್ಮ ಗಡಿಯಾರ ಸರಿಮಾಡಿಕೊಳ್ಳಲೆಂದು 1833ರಲ್ಲಿ ಮಾಡಿದ ಏರ್ಪಾಡು.

“ಮಧ್ಯಾಹ್ನ ಹನ್ನೆರಡಕ್ಕೇ ಬೀಳಿಸಬಹುದಿತ್ತಲ್ಲ ಅಂಕಲ್?”

“ಹನ್ನೆರಡಕ್ಕೆ ಇಲ್ಲಿಯವರು ಸೂರ್ಯನನ್ನ ನೋಡೋ ಗಡಿಬಿಡೀಲಿರ್ತಿದ್ರಮ್ಮ. ಒಂದಕ್ಕೆ ಕೈ ಖಾಲಿ.”

ಗೇಟಿನ ಗೋಡೆಯ ಗಡಿಯಾರ ನೋಡಿದರೆ ಇನ್ನೊಂದು ತಕರಾರು. ಅದರ ಮುಖದಲ್ಲಿ 24 ಗಂಟೆಗಳಿವೆ. ಗಂಟೆ ಮುಳ್ಳು ದಿನಕ್ಕೆ ಒಂದೇ ಸುತ್ತು ಹೊಡೆಯುತ್ತದೆ. ಗೋಳ ಬಿದ್ದ ಹೊತ್ತಿಗೆ ಮುಳ್ಳು ನೇರ ಕೆಳಕ್ಕೆ, ಅಂದರೆ ಹನ್ನೆರಡಕ್ಕೆ ನಿಂತಿದೆ. ಕೆಟ್ಟಿಲ್ಲ. ಬೇಸಿಗೆಯಲ್ಲಿ ಬ್ರಿಟನ್ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುತ್ತದೆ, ಅದು ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ನಡೆಯುತ್ತದೆ. ಈ ಗಡಿಯಾರ ಮಾತ್ರ ವರ್ಷವಿಡೀ ಗ್ರೀನಿಚ್ ಕಾಲವನ್ನೇ ತೋರಿಸುತ್ತದೆ.

ಒಳಗಿನ ಅಂಗಳದಲ್ಲಿ ಸೊನ್ನೆ ರೇಖಾಂಶದ ಗೆರೆ. ಎಡಗಾಲು ಪಶ್ಚಿಮಕ್ಕೆ, ಬಲಗಾಲು ಪೂರ್ವಕ್ಕೆ ಇಟ್ಟು ಫೋಟೋ ತೆಗೆಸಿಕೊಳ್ಳುವವರ ಸಾಲು. ಹುಡುಗಿ ಗೆರೆಯ ಮೇಲೆ ನಿಂತು ಫೋನ್ ತೆಗೆದಳು. ಫೋನು ಸೊನ್ನೆ ತೋರಿಸಲಿಲ್ಲ, ರೇಖಾಂಶದ 5 ಸೆಕೆಂಡಿಗಿಂತ ತುಸು ಹೆಚ್ಚು ಪಶ್ಚಿಮ ಎಂದಿತು. ಹಾಗಾದರೆ ಸೊನ್ನೆ ಎಲ್ಲಿ? ಹೊರಗೆ ಬಂದು ಫೋನ್ ಹಿಡಿದು ಪೂರ್ವಕ್ಕೆ ನಡೆದರೆ, 102 ಮೀಟರ್ ದಾಟಿದ ಮೇಲೆ ಪಾರ್ಕಿನ ನಡುವೆ, ಯಾವ ಗುರುತೂ ಇಲ್ಲದ ಕಡೆ ಸಿಗುತ್ತದೆ.

ಖಗೋಳಜ್ಞ ಏರಿ 1851ರಿಂದ ಬಳಸಿದ ದೂರದರ್ಶಕ ಈ ಗೆರೆಯನ್ನು ನಿಲ್ಲಿಸಿತು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ದೇಶಗಳು ಅದನ್ನೇ ಜಗತ್ತಿನ ಸೊನ್ನೆಯೆಂದು ಒಪ್ಪಿಕೊಂಡವು. ಏರಿ ತನ್ನ ಉಪಕರಣ ನೆಟ್ಟಗಿದೆಯೇ ಎಂದು ನೋಡಿಕೊಂಡದ್ದು ಪಾದರಸದ ಬಟ್ಟಲಿನಿಂದ. ಪಾದರಸ ಆಯಾ ಜಾಗದ ಗುರುತ್ವಕ್ಕೆ ತಕ್ಕಂತೆ ನಿಲ್ಲುತ್ತದೆ, ಆ ಸೆಳೆತ ಭೂಮಿಯ ನಡುಬಿಂದುವಿನತ್ತ ಕರಾರುವಾಕ್ಕಾಗಿ ಇರುವುದಿಲ್ಲ. ಉಪಗ್ರಹಗಳ ಲೆಕ್ಕ ಹೊರಡುವುದು ಆ ನಡುಬಿಂದುವಿನಿಂದ. ಡೇಟಾ ಸೈನ್ಸ್ ಓದುವವರಿಗೆ ಎರಡು ಅಳತೆ ಏಕೆ ಬೇರೆಯಾಗುತ್ತವೆ ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಕ್ಕೀತು?

ಗೆರೆ ಇಲ್ಲಿ, ಲೆಕ್ಕ ನಮ್ಮೂರಿಗೂ. 15 ಡಿಗ್ರಿಗೆ ಒಂದು ಗಂಟೆ. ಭಾರತದ ಕಾಲ 82.5 ಡಿಗ್ರಿ ಪೂರ್ವಕ್ಕೆ ಹೊಂದಿಸಿದ್ದರಿಂದ ಐದೂವರೆ ಗಂಟೆ ಮುಂದೆ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಹಾಗಾಗಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.20ರ ಸುಮಾರಿಗೆ. ಇಷ್ಟು ವರ್ಷ ನೆತ್ತಿಯ ಮೇಲೆಯೇ ಇದ್ದ ಸಂಗತಿ!

ಗುಡ್ಡದ ಬೆಂಚಿನ ಮೇಲೆ ಚಪಾತಿ, ಪಲ್ಯದ ಡಬ್ಬಿ ಬಿಚ್ಚಿದಾಗ ಬೆಳಗಿನ ಹುಲಿಗೂ ಈ ಗೆರೆಗೂ ನಂಟು ಕೂಡಿಕೊಳ್ಳುತ್ತದೆ. ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ದಕ್ಷಿಣವೆಂದುಕೊಂಡು ಉತ್ತರಕ್ಕೆ, ಟಿಪ್ಪುವಿನ ಪಾಳೆಯದತ್ತಲೇ ನಡೆಯುತ್ತಿತ್ತು. ನಕ್ಷತ್ರ ನೋಡಿ ಎಚ್ಚರಿಸಿದವನು ಲ್ಯಾಂಬ್ಟನ್ ಎಂದು ಸರ್ವೆಯ ಚರಿತ್ರೆ ಬರೆದವರು ಹೇಳುತ್ತಾರೆ. ಯುದ್ಧ ಮುಗಿದ ಮರುವರ್ಷ ಅವನೇ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಗೆರೆಯೊಂದನ್ನು ಸರಪಳಿ ಹಾಸಿ ಅಳೆದ. 1802ರಲ್ಲಿ ಮದ್ರಾಸಿನಿಂದ ಹೊರಟು ಮುಂದೆ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿ ಸರ್ವೆಯನ್ನು ಶುರುಮಾಡಿದವನೂ ಅವನೇ. ಅರಮನೆಯ ಹುಲಿ ಹಡಗು ಹತ್ತಿತು, ಗೆದ್ದ ನೆಲಕ್ಕೆ ಸರಪಳಿ ಬಿತ್ತು. ಎರಡೂ ಒಂದೇ ಯುದ್ಧದ ಫಲ.

ಇಂಥ ನಂಟುಗಳನ್ನು ಫಲಕಗಳು ಹೇಳುವುದಿಲ್ಲ, ಜೊತೆಯಲ್ಲಿ ಬಂದವರು ಹೇಳಬೇಕು. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿ, ಆ ಪ್ರವಾಸದ ಅನುಭವವನ್ನು ‘ಸಮುದ್ರದಾಚೆಯಿಂದ’ ಎಂಬ ಪುಸ್ತಕವಾಗಿಸಿದರು. ಅವರ ಕಾಲಕ್ಕೆ ಇಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಈಗ ಹಾಗಿಲ್ಲ. ದಶಕಗಟ್ಟಲೆ ಈ ಊರಿನಲ್ಲಿ ಬದುಕಿದ ವೈದ್ಯರು, ಎಂಜಿನಿಯರುಗಳು, ಮೇಷ್ಟ್ರುಗಳು ಸಂಘದಲ್ಲಿದ್ದಾರೆ. ವಿದ್ಯಾರ್ಥಿಗಳು ಅವರನ್ನು ಕಾಣುವುದು ಯುಗಾದಿ, ದೀಪಾವಳಿಯ ಊಟದ ಸಾಲಿನಲ್ಲಿ. ‘ಎಲ್ಲಿ ಓದ್ತಿದ್ದೀಯ, ಯಾವೂರು’ ಎನ್ನುವಷ್ಟರಲ್ಲಿ ಹೋಳಿಗೆಯ ತಟ್ಟೆ ಮುಂದಕ್ಕೆ ಹೋಗಿರುತ್ತದೆ.

ಆದ್ದರಿಂದ ಈ ಸಂಚಿಕೆಯ ಮೂಲಕ ಸಂಪಾದಕ ಮಂಡಳಿ ಸಂಘದ ಮುಂದೆ ಒಂದು ಕೋರಿಕೆ ಇಡುತ್ತದೆ. ತಿಂಗಳಿಗೊಂದು ಶನಿವಾರ, ಒಬ್ಬ ಹಿರಿಯರು, ಐದಾರು ವಿದ್ಯಾರ್ಥಿಗಳು, ಹೆಚ್ಚೆಂದರೆ ಎರಡು ಜಾಗ. ಟಿಪ್ಪು ತನ್ನ ಕನಸುಗಳನ್ನು ಪಾರ್ಸಿಯಲ್ಲಿ ಬರೆದಿಟ್ಟ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಅಲ್ಲಿ ಓದುಗರ ಕಾರ್ಡು ಮಾಡಿಸಿಕೊಡುವುದೇ ಒಂದು ದಿನದ ಕೆಲಸವಾಗಬಹುದು. 2015ರ ನವೆಂಬರ್ 14ರಂದು ಅನಾವರಣಗೊಂಡ, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಯಿಂದ ಹೊರಟು ಲ್ಯಾಂಬೆತ್ ಸೇತುವೆ ದಾಟಿದರೆ ಪಾರ್ಲಿಮೆಂಟ್ ಹತ್ತು ನಿಮಿಷದ ನಡಿಗೆ. ಗೋಕಾಕರು ಓದಿದ ಊರಿಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು.

ಗ್ರೀನಿಚ್ ಅಬ್ಸರ್ವೇಟರಿಯಂತೆ ಟಿಕೆಟ್ ಇರುವ ಕಡೆ ವಿದ್ಯಾರ್ಥಿಗಳ ಖರ್ಚನ್ನು ಸಂಘ ಭರಿಸಲಿ, ಬುತ್ತಿ ಅವರವರದೇ ಇರಲಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದರಿಂದ ಮೊದಲ ಸುತ್ತನ್ನು ಮಾರ್ಚಿನಲ್ಲಿ ಇಟ್ಟುಕೊಳ್ಳುವುದು ಮೇಲು. ಕರೆದೊಯ್ಯಲು ಮುಂದಾಗುವ ಹಿರಿಯರು ತಮ್ಮ ಹೆಸರು, ಬಿಡುವಿನ ಶನಿವಾರ ಮತ್ತು ತಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗವನ್ನು ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕೆಂದು ವಿನಂತಿ.